ಕಲ್ಲು ಬಸ್ಸಿನ ಹತ್ತಿರಕ್ಕೆ ಬಂದ ಬಗೆ

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ಫೋನು ಮಾಡಿ, "ಸರ್, ಮೊದಲು ಏನು ಓದ್ಕೊಳ್ಬೇಕು?" ಎಂದು ಕೇಳುತ್ತಾರೆ. ಗಂಗರಿಂದ ಶುರುಮಾಡುವುದೋ ಚೋಳರಿಂದಲೋ ಎಂಬುದು ಅವರ ಚಿಂತೆ. "ದಾರೀಲಿ ಎಲ್ಲೆಲ್ಲಿ ಟಾಯ್ಲೆಟ್ ಐತೆ ಅಂತ ತಿಳ್ಕೊಳ್ರಪ್ಪಾ, ಗಂಗರು ಎಲ್ಲೂ ಓಡೋಗಲ್ಲ" ಅನ್ನುತ್ತೇನೆ. ಮುದುಕ ತಮಾಷೆ ಮಾಡುತ್ತಾನೆ ಎಂದುಕೊಂಡು ನಗುತ್ತಾರೆ. ಮೊದಲ ಟ್ರಿಪ್ಪು ಮುಗಿಸಿ ಬಂದ ಮೇಲೆ ಯಾರೂ ನಗುವುದಿಲ್ಲ.

ನನ್ನ ಹೆಸರು ಮುನಿರಾಜು, ದೊಡ್ಡಬಳ್ಳಾಪುರದವನು. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಗೆ ಶಿಫ್ಟಿನ ಜನರನ್ನು ಸಾಗಿಸುವ ಖಾಸಗಿ ಬಸ್ಸುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಬಸ್ಸುಗಳ ಮಾಲೀಕರು ಪಾಲಾಕ್ಷಣ್ಣ. ಭಾನುವಾರ ಬಸ್ಸು ಸುಮ್ಮನೆ ನಿಂತರೆ ಅವರಿಗೆ ಹೊಟ್ಟೆಯಲ್ಲಿ ಸಂಕಟ. ಯಾರೋ ಕಿವಿ ಊದಿದರು ನೋಡಿ, ವಾರದ ಕೊನೆಗೆ ವಿದ್ವಾಂಸರೊಬ್ಬರನ್ನು ಜೊತೆಗಿಟ್ಟುಕೊಂಡು ಹಳೇ ಗುಡಿ, ಕೋಟೆ, ವೀರಗಲ್ಲು ತೋರಿಸುವ ಪ್ರವಾಸ ಶುರು ಮಾಡಿಯೇಬಿಟ್ಟರು. "ಲೇ ಮುನಿರಾಜ, ನೀನು ಪೇಪರ್ ಓದ್ತೀಯಲ್ಲ, ನೀನೇ ನೋಡ್ಕೋ" ಎಂದು ನನ್ನ ಹೆಗಲಿಗೆ ಒಂದು ಸ್ಪೀಕರು ನೇತುಹಾಕಿ ಕೈಗೆ ಮೈಕು ಕೊಟ್ಟರು. ನನ್ನ ವಿದ್ಯಾರ್ಹತೆ ಅಷ್ಟೇ. ಆಮೇಲೆ ನಿವೃತ್ತನಾಗುವವರೆಗೂ ಅದನ್ನು ಯಾರೂ ಕೇಳಲಿಲ್ಲ.

ಬರುತ್ತಿದ್ದವರೆಲ್ಲ ಬೆಂಗಳೂರಿನ ನಿವೃತ್ತರು. ಬ್ಯಾಂಕಿನವರು, ಡಾಕ್ಟರುಗಳು, ಹೈಸ್ಕೂಲು ಮೇಡಂಗಳು. ಹೊರಗಿನವರಿಗೆ ಇದು ಇತಿಹಾಸದ ಕೆಲಸ ಅನ್ನಿಸುತ್ತದೆ. ಅಯ್ಯೋ ರಾಮ, ಇದು ನೆರಳು, ನೀರು ಮತ್ತು ಇಡ್ಲಿಯ ಕೆಲಸ. ಬಸ್ಸು ಹತ್ತಿದ ಅರ್ಧ ಗಂಟೆಯಲ್ಲಿ ಮೂರು ಪ್ರಶ್ನೆ ಬರುತ್ತವೆ: ನಡೆಯುವುದು ಎಷ್ಟು, ಊಟ ಎಷ್ಟು ಹೊತ್ತಿಗೆ, ಮಧ್ಯದಲ್ಲಿ ಕಾಫಿ ಇದೆಯಾ. ಯಾವ ಶತಮಾನ ಎಂದು ಕೇಳಿದವರು ಅಪರೂಪ. ಕೇಳಿದವರೂ ಉತ್ತರ ಬರುವ ಮುಂಚೆ ನಿದ್ದೆ ಹೋಗುತ್ತಿದ್ದರು. ತಪ್ಪು ಅನ್ನುತ್ತಿಲ್ಲ, ಆ ವಯಸ್ಸಿಗೆ ನಾನೂ ಈಗ ಬಂದಿದ್ದೇನೆ.

ಒಂದು ಬಸ್ಸಿಗೆ ಒಬ್ಬರೇ ವಿದ್ವಾಂಸರಿರಬೇಕು. ಇದನ್ನು ನಾನು ಕಷ್ಟಪಟ್ಟು ಕಲಿತೆ. ಒಮ್ಮೆ ಪಾಲಾಕ್ಷಣ್ಣ ದೊಡ್ಡಸ್ತಿಕೆಗೆ ಬಿದ್ದು ಇಬ್ಬರನ್ನು ಕರೆಸಿದರು. ಹೊಸಕೋಟೆ ಕಡೆಯ ಒಂದು ಗುಡಿಯ ಮುಂದೆ ಒಬ್ಬರು ಇದು ಚೋಳರ ಕಂಬ ಎಂದರು, ಇನ್ನೊಬ್ಬರು ಕೆಮ್ಮಿದರು. ಆ ಕೆಮ್ಮಿನಿಂದ ಶುರುವಾದದ್ದು ಊಟದ ಹೊತ್ತಿಗೆ ಮಾತು ಬಿಡುವ ಮಟ್ಟಕ್ಕೆ ಬಂತು. ವಾಪಸ್ಸು ಬರುವಾಗ ಒಬ್ಬರು ಮುಂದಿನ ಸೀಟಿನಲ್ಲಿ, ಇನ್ನೊಬ್ಬರು ಕಟ್ಟಕಡೆಯ ಸೀಟಿನಲ್ಲಿ. "ಅವರಿಗೆ ಹೇಳಿ ಮುನಿರಾಜು, ಕಂಬದ ತಲೆ ನೋಡೋಕೆ ಕನ್ನಡಕ ಬದಲಾಯಿಸ್ಬೇಕು ಅಂತ." "ಅವರಿಗೂ ಹೇಳಿ, ಕಂಬ ನೋಡೋಕೆ ಮೊದಲು ಪುಸ್ತಕ ಮುಚ್ಚಬೇಕು ಅಂತ." ದೇವನಹಳ್ಳಿಯವರೆಗೂ ನಾನು ಈ ಟಪಾಲು ಸೇವೆ ಮಾಡಿದೆ. ಪ್ರಯಾಣಿಕರು ಆ ಟ್ರಿಪ್ಪನ್ನು ಇವತ್ತಿಗೂ ಹೊಗಳುತ್ತಾರೆ.

ಶಾಸನ ಓದುವ ರೀತಿಯೂ ನನ್ನ ಕಣ್ಣೆದುರಿಗೇ ಬದಲಾಯಿತು. ಶುರುವಿನಲ್ಲಿ ನಾನು ಹಿಂದಿನ ದಿನವೇ ಹೋಗಿ ಕಲ್ಲಿಗೆ ನೀರು ಸುರಿದು, ತೆಂಗಿನ ನಾರಿನಲ್ಲಿ ತಿಕ್ಕಿ, ಅಕ್ಷರದ ಗುಂಡಿಗಳಿಗೆ ಸೀಮೆಸುಣ್ಣ ತುಂಬಿ ಬರುತ್ತಿದ್ದೆ. ಆಮೇಲೆ ಸೀಮೆಸುಣ್ಣ ಕೂಡದು ಎಂದಾಯಿತು. ಕಟಿಂಗ್ ಶಾಪಿನ ಹಳೇ ಕನ್ನಡಿಯೊಂದನ್ನು ಬಸ್ಸಿನಲ್ಲಿ ಇಟ್ಟುಕೊಂಡೆ. ಬಿಸಿಲನ್ನು ಅದರಲ್ಲಿ ಹಿಡಿದು ಕಲ್ಲಿನ ಮೇಲೆ ಓರೆಯಾಗಿ ಬಿಟ್ಟರೆ ಸವೆದ ಅಕ್ಷರವೂ ಎದ್ದು ನಿಲ್ಲುತ್ತದೆ. ಊರ ಹೆಂಗಸರು, "ಅದ್ಯಾಕಪ್ಪಾ, ಕಲ್ಲಿಗೆ ಕ್ಷೌರ ಮಾಡ್ತೀಯಾ?" ಎಂದು ರೇಗಿಸುತ್ತಿದ್ದರು. ಈಗ ಮೊಬೈಲಿನಲ್ಲಿ ಸುತ್ತಲೂ ಫೋಟೋ ಹಿಡಿದು ಮನೆಯಲ್ಲಿ ಕೂತು ಓದುತ್ತಾರಂತೆ. ಒಳ್ಳೆಯದೇ, ಬೆನ್ನಾದರೂ ಉಳಿಯುತ್ತದೆ.

ಸೀಮೆಸುಣ್ಣ ಬಿಡಿಸಿದವರು ಇಂದಿರಮ್ಮ ಮೇಡಂ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ನೂಲಿನ ಸೀರೆ, ಕ್ಯಾನ್ವಾಸ್ ಶೂ, ಹೆಗಲಲ್ಲಿ ಬಟ್ಟೆಯ ಚೀಲ. ಅದರೊಳಗೆ ಟೇಪು, ಮೆತ್ತನೆಯ ಬ್ರಷ್ಷು, ರೂಲು ಹಾಕಿದ ನೋಟ್‌ಬುಕ್. ಅವರು ಮೊದಲ ಸಲ ಬಂದ ದಿನ ನಾನು ಭಕ್ತಿ ಜಾಸ್ತಿಯಾಗಿ ತಂತಿಯ ಬ್ರಷ್ಷಿನಲ್ಲಿ ಕಲ್ಲು ಉಜ್ಜುತ್ತಿದ್ದೆ. ಹತ್ತಿರ ಬಂದು, "ಮುನಿರಾಜು, ಇದರಲ್ಲಿ ನಿಮ್ಮ ಮುಖ ಉಜ್ಕೊಳ್ತೀರಾ?" ಎಂದರು. "ಇಲ್ಲ ಮೇಡಂ." "ಕೊಡಿ ಇಲ್ಲಿ." ಬ್ರಷ್ಷು ಅವರ ಚೀಲಕ್ಕೆ ಹೋಯಿತು, ಮತ್ತೆ ನನಗೆ ಸಿಗಲಿಲ್ಲ. ಅಂದಿನಿಂದ ಅವರೆಂದರೆ ನನಗೆ ಹೆದರಿಕೆ, ಹೆದರಿಕೆಗಿಂತ ಹೆಚ್ಚು ಗೌರವ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಮೈಕಿನಲ್ಲಿ ಹೇಳಿದ ವಿದ್ವಾಂಸರು ನಾನು ಕಂಡಂತೆ ಅವರೊಬ್ಬರೇ. ಅಂಥವರಿಗೆ ನಾನು ಮಾಡಿದ್ದೇನು ಅಂತ ಈಗ ಹೇಳಬೇಕು.

ಕುಂದಾಣದ ಆಚೆ ಒಂದು ಹಳ್ಳಿ. ಹೆಸರು ಬೇಡ, ಅಲ್ಲಿನವರು ಇನ್ನೂ ನನ್ನನ್ನು ಕಂಡರೆ ಮುಸಿಮುಸಿ ನಗುತ್ತಾರೆ. ಪ್ರವಾಸಕ್ಕೆ ಹೊಸ ಜಾಗ ಹುಡುಕುತ್ತ ಹೋದಾಗ, ಕೆರೆ ಏರಿ ದಾಟಿ ಅರ್ಧ ಕಿಲೋಮೀಟರು ದೂರದ ರಾಗಿ ಹೊಲದಲ್ಲಿ ಒಂದು ವೀರಗಲ್ಲು ಕಂಡಿತು. ಕೆಳಗೆ ಕತ್ತಿ ಹಿಡಿದ ಗಂಡಾಳು, ಕಾಲ ಬಳಿ ಹಸುಗಳು, ಮೇಲೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಅಂಚಿನಲ್ಲಿ ನಾಲ್ಕು ಸಾಲು ಅಕ್ಷರ. ಯಾರೂ ಓದಿರದ ಕಲ್ಲು. ಸಂತೋಷದಿಂದ ಓಡಿಬಂದು ಪಾಲಾಕ್ಷಣ್ಣನಿಗೆ ಹೇಳಿದೆ.

"ಅಲ್ಲೀಗಂಟ ಬಸ್ ಹೋಗ್ತದಾ?" ಎಂದರು.

"ಇಲ್ಲಣ್ಣ. ಏರಿ ಮೇಲೆ ನಡೀಬೇಕು, ಆಮೇಲೆ ಹೊಲದ ಬದು."

"ಆ ವಯಸ್ಸಾದೋರು ಬದು ಮೇಲೆ ನಡೀತಾರೇನೋ? ಬಿದ್ದು ಸೊಂಟ ಮುರ್ಕೊಂಡ್ರೆ ನೀನು ಎತ್ಕೊಂಡ್ ಬರ್ತೀಯಾ?" ಆಮೇಲೆ ನಕ್ಕು, "ಬಸ್ ಹೋಗಲ್ಲ ಅಂದ್ರೆ ಕಲ್ಲು ಬರ್ತದಾ ಕೇಳು" ಎಂದರು.

ಅವರು ಹೇಳಿದ್ದು ತಮಾಷೆಗೆ. ನಾನು ಅದನ್ನು ಆದೇಶ ಎಂದುಕೊಂಡೆ. ಮೇಲಿನವರ ಮಾತನ್ನು ಹೀಗೆ ತಲೆಯ ಮೇಲಿಟ್ಟುಕೊಳ್ಳುವುದು ಬಸ್ಸಿನ ಕೆಲಸದಲ್ಲಿ ನನಗೆ ಅಂಟಿದ ಚಾಳಿ. ಹೊಲದ ಮಾಲೀಕ ಮರಿಯಪ್ಪನನ್ನು ಕೇಳಿದೆ. ಅವನಿಗೆ ಹಬ್ಬ. "ತಗೊಂಡ್ ಹೋಗಿ ಸಾಮಿ, ಟ್ರ್ಯಾಕ್ಟರ್ ತಿರುಗ್ಸಕ್ಕೆ ಅಡ್ಡ ಆಗೈತೆ" ಎಂದ. ಆಚೆ ಕಡೆ ಲೇಔಟಿನ ಕೆಲಸಕ್ಕೆ ಜೆಸಿಬಿ ಬಂದಿತ್ತು. ಅದರ ಡ್ರೈವರಿಗೆ ಕಾಫಿ ಕುಡಿಸಿದೆ. ಅರ್ಧ ದಿನದಲ್ಲಿ ಸಾವಿರ ವರ್ಷದ ಕಲ್ಲು ರಸ್ತೆ ಪಕ್ಕದ ಅಶ್ವತ್ಥಕಟ್ಟೆಯ ಹತ್ತಿರ ಬಂದು, ಬುಡಕ್ಕೆ ಸಿಮೆಂಟು ಹಾಕಿಸಿಕೊಂಡು, ಪೂರ್ವಕ್ಕೆ ಮುಖ ಮಾಡಿ ನಿಂತಿತು. ಬಸ್ಸಿನ ಮೆಟ್ಟಿಲಿನಿಂದ ಇಪ್ಪತ್ತು ಹೆಜ್ಜೆ, ಪಕ್ಕದಲ್ಲೇ ನೆರಳು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮುಂದಿನ ವಾರವೇ ಇಂದಿರಮ್ಮ ಮೇಡಂ ಗುಂಪಿನೊಂದಿಗೆ ಬಂದರು. ಕನ್ನಡಿ ಹಿಡಿದೆ, ಅವರು ಓದಿದರು. ಕೇತಗಾವುಂಡನ ಮಗ ಮಾಚ ಎಂಬವನು, ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರಿನ ಹಸುಗಳನ್ನು ಬಿಡಿಸಿಕೊಂಡು ಬರುವಾಗ ಸತ್ತ ಎಂದು ಅದರಲ್ಲಿತ್ತು. ಮೇಡಂ ಮುಖದಲ್ಲಿ ಅಂಥ ಸಂತೋಷವನ್ನು ನಾನು ನೋಡಿರಲಿಲ್ಲ. ಆಮೇಲೆ ಬಗ್ಗಿ ಬುಡ ನೋಡಿದರು.

"ಸಿಮೆಂಟ್ ಯಾರು ಹಾಕಿದ್ದು?"

"ಊರಿನವರು ಮೇಡಂ. ಬೀಳೋ ಹಾಗಿತ್ತಂತೆ." ಇದು ನನ್ನ ಮೊದಲ ಸುಳ್ಳು.

ಕಟ್ಟೆಯ ಮೇಲೆ ಕೂತಿದ್ದ ಹಿರಿಯರನ್ನು ಕೇಳಿದರು, "ಯಜಮಾನ್ರೇ, ಈ ಕಲ್ಲು ಮೊದಲಿಂದ ಇಲ್ಲೇ ಇದೆಯಾ?" ಆ ಯಜಮಾನರು ಒಮ್ಮೆ ನನ್ನ ಮುಖ ನೋಡಿದರು. ಜೆಸಿಬಿ ಬಂದ ದಿನ ಅಲ್ಲೇ ನಿಂತು "ಇನ್ನೊಸಿ ಈ ಕಡೆ, ಇನ್ನೊಸಿ" ಎಂದು ದಾರಿ ತೋರಿಸಿದವರು ಅವರೇ. ದೂರದಿಂದ ಬಂದ ಹೆಣ್ಣುಮಗಳ ಎದುರಿಗೆ ಪರಿಚಯದವನ ಮಾನ ತೆಗೆಯುವುದುಂಟೆ? "ಊಂ ತಾಯಿ, ನಮ್ ತಾತನ ಕಾಲದಿಂದ್ಲೂ ಇಲ್ಲೇ" ಎಂದುಬಿಟ್ಟರು. ಅವರ ದಾಕ್ಷಿಣ್ಯ, ನನ್ನ ಸುಳ್ಳು ಎರಡೂ ಸೇರಿ ಮೇಡಂ ನೋಟ್‌ಬುಕ್ಕಿನಲ್ಲಿ ಒಂದು ಸಾಲಾಯಿತು.

ಕಲ್ಲಿನ ಅಂಚಿನಲ್ಲಿ ಜೆಸಿಬಿಯ ಹಲ್ಲು ಗೀಚಿದ ಗುರುತಿತ್ತು. ಬ್ಯಾಂಕಿನ ನಿವೃತ್ತರೊಬ್ಬರು ಅದೇನೆಂದು ಕೇಳಿದಾಗ, ಪಾಳೇಗಾರರ ಕಾಲದ ಗಲಾಟೆಯಲ್ಲಿ ಆದ ಗಾಯ ಎಂದೆ. ಮೇಡಂ ಆ ಕಡೆ ನೀರು ಕುಡಿಯುತ್ತಿದ್ದರು, ಸದ್ಯ. ಬ್ಯಾಂಕಿನವರು ಅದರ ಫೋಟೋ ಹಿಡಿದುಕೊಂಡರು.

ಮೂರು ವರ್ಷ ಆ ಕಲ್ಲು ನಮ್ಮ ಪ್ರವಾಸದ ಮುಕುಟವಾಗಿತ್ತು. ವೀರಗಲ್ಲು ಆಳು ಬಿದ್ದ ಜಾಗದ ಹತ್ತಿರ ನಿಲ್ಲಿಸುವಂಥದ್ದು, ಇದು ರಸ್ತೆ ಪಕ್ಕ ಇದೆ, ಆದ್ದರಿಂದ ದನಗಳ್ಳರು ಬಂದದ್ದು ಈ ದಾರಿಯಲ್ಲೇ, ಈ ದಾರಿ ಸಾವಿರ ವರ್ಷ ಹಳೆಯದು. ಹೀಗೆ ಮೇಡಂ ವಾದ. ಮೊದಲ ವರ್ಷ "ಹಳೇ ದಾರಿ ಇದೇ ಇರಬಹುದು" ಎಂದರು. ಎರಡನೆಯ ವರ್ಷ "ಇದೇ ಇದ್ದಿರಬೇಕು". ಮೂರನೆಯ ವರ್ಷ "ಇದೇ". ನಾನು ಪ್ರತಿ ಸಲ ಸ್ಪೀಕರಿನಲ್ಲಿ ಅದನ್ನೇ ಇನ್ನಷ್ಟು ಒಗ್ಗರಣೆ ಹಾಕಿ ಕೂಗುತ್ತಿದ್ದೆ. ದಾರಿಯಲ್ಲಿ ಧೂಳು ಎದ್ದದ್ದು, ಹಸುಗಳು ಬೆದರಿದ್ದು, ಮಾಚ ಒಬ್ಬನೇ ಅಡ್ಡ ನಿಂತದ್ದು. ಹೈಸ್ಕೂಲು ಮೇಡಂಗಳು ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಎಲ್ಲೋ ಒಂದು ಕಡೆ ಚುಚ್ಚುತ್ತಿತ್ತು ನಿಜ. ಆದರೆ ಚಪ್ಪಾಳೆ ಬಿದ್ದಾಗ ಎಂಥ ಮುಳ್ಳೂ ಸ್ವಲ್ಪ ಹೊತ್ತು ಮರೆತುಹೋಗುತ್ತದೆ.

ನಿವೃತ್ತಿಗೆ ಕೆಲವು ತಿಂಗಳಿದ್ದಾಗ, ಮೇಡಂ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತು ಒಂದು ಕಟ್ಟು ಹಾಳೆ ಕೊಟ್ಟರು. ತಾಲ್ಲೂಕಿನ ವೀರಗಲ್ಲುಗಳ ಮೇಲೆ ಅವರು ಜೀವಮಾನವೆಲ್ಲ ಓಡಾಡಿ ಬರೆದ ಪುಸ್ತಕ. ಮೊದಲ ಅಧ್ಯಾಯದಲ್ಲೇ ನಮ್ಮ ಕಲ್ಲು. ಪಕ್ಕದಲ್ಲಿ ನಕ್ಷೆ, ನಕ್ಷೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಸಾವಿರ ವರ್ಷದ ದಾರಿ. ಉಳಿದ ಅಧ್ಯಾಯಗಳೂ ಆ ದಾರಿಯ ಗುಂಟ ನಡೆದಿದ್ದವು.

"ಮುಂದಿನ ಸೋಮವಾರ ಅಚ್ಚಿಗೆ ಹೋಗುತ್ತೆ. ಕಲ್ಲು ತೋರಿಸಿದ್ದು ನೀವಲ್ವಾ, ನಿಮ್ಮ ಹೆಸರೂ ಹಾಕಿದೀನಿ" ಎಂದರು.

ಬಾಯಿಯ ಸುಳ್ಳು ಗಾಳಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಇದು ಕಾಗದಕ್ಕೆ ಇಳಿಯುತ್ತಿತ್ತು, ಅದೂ ಸುಳ್ಳು ಹೇಳದವರ ಹೆಸರಿನಲ್ಲಿ. ನಾಳೆ ಯಾರೋ ಒಬ್ಬ ಚುರುಕು ಹುಡುಗ ಮರಿಯಪ್ಪನನ್ನು ಮಾತಾಡಿಸಿದರೆ ಸಾಕು, ನಗೆಪಾಟಲಾಗುವವರು ಇಂದಿರಮ್ಮ. ಆ ವಾರವೇ ಪಾಲಾಕ್ಷಣ್ಣನ ಹತ್ತಿರ ಹೇಳಿಕೊಂಡೆ.

"ಲೇ, ಸಾವಿರ ವರ್ಷ ನಿಂತು ಕಾಲು ನೋವು ಬಂದಿರ್ತದೆ, ಅರ್ಧ ಕಿಲೋಮೀಟ್ರು ನಡೆದ್ರೆ ತಪ್ಪೇನೋ? ಲೇಔಟ್ನೋರು ಗುಡ್ಡನೇ ಎತ್ತಿಡ್ತಾವ್ರೆ. ಬಾಯ್ ಮುಚ್ಕೊಂಡು ರಿಟೈರ್ ಆಗು" ಎಂದರು. ಅವರ ಲೆಕ್ಕದಲ್ಲಿ ಅದು ಒಳ್ಳೆಯ ಸಲಹೆಯೇ.

ಆ ಶನಿವಾರ ಮತ್ತೆ ಅದೇ ಊರಿಗೆ ಪ್ರವಾಸ. ದೇವನಹಳ್ಳಿಯ ಹತ್ತಿರ ತಿಂಡಿಗೆ ನಿಲ್ಲಿಸಿದೆವು. ಮೇಡಂ ಒಬ್ಬರೇ ಮೂಲೆಯ ಟೇಬಲ್ಲಿನಲ್ಲಿ ಕೂತಿದ್ದರು. ಹೋಗಿ ಎದುರಿಗೆ ನಿಂತು, "ಮೇಡಂ, ಆ ಕಲ್ಲು ಅಲ್ಲಿಯದಲ್ಲ. ನಾನೇ ಜೆಸಿಬಿಯಲ್ಲಿ ತಂದು ನಿಲ್ಲಿಸಿದ್ದು" ಎಂದೆ.

ವಡೆ ಮುರಿಯುತ್ತಿದ್ದ ಕೈ ನಿಂತಿತು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ, ನೋಟ್‌ಬುಕ್ ತೆಗೆದರು.

"ಎಲ್ಲಿಂದ?"

"ಕೆರೆ ಆಚೆ, ಅರ್ಧ ಕಿಲೋಮೀಟರು."

"ನಿಂತಿತ್ತಾ, ಬಿದ್ದಿತ್ತಾ?"

"ನಿಂತಿತ್ತು ಮೇಡಂ."

"ಮುಖ ಯಾವ ಕಡೆಗಿತ್ತು?"

"ಅದು... ನಾನು ನೋಡ್ಕೊಳ್ಳಲಿಲ್ಲ."

ಅಷ್ಟು ಹೊತ್ತು ತಡೆದಿದ್ದವರ ಮುಖ ಆಗ ಕೆಂಪಗಾಯಿತು. ಕಲ್ಲು ಕಿತ್ತದ್ದಕ್ಕಿಂತ, ಕೀಳುವಾಗ ಅದರ ಮುಖ ಕೂಡ ನೋಡಲಿಲ್ಲವಲ್ಲ ಎಂಬ ಸಿಟ್ಟು ಅದು. "ಮೂರು ವರ್ಷ, ಮುನಿರಾಜು" ಎಂದಷ್ಟೇ ಹೇಳಿ ಎದ್ದು ಕೈ ತೊಳೆಯಲು ಹೋದರು. ವಡೆ ಹಾಗೇ ಉಳಿಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಬಸ್ಸು ಹೊರಟ ಮೇಲೆ ನನ್ನ ಕೈಯಿಂದ ಮೈಕು ತೆಗೆದುಕೊಂಡರು. "ನೋಡಿ, ಈಗ ನೋಡೋಕೆ ಹೋಗ್ತಿರೋ ಕಲ್ಲಿನ ಬಗ್ಗೆ ನಾನು ಮೂರು ವರ್ಷ ಹೇಳಿದ್ದು ತಪ್ಪು. ಅದು ಅಲ್ಲಿ ಇರಲಿಲ್ಲ, ಈಚೆಗೆ ತಂದು ನಿಲ್ಲಿಸಿದ್ದು. ಬುಡದಲ್ಲಿ ಸಿಮೆಂಟ್ ನೋಡಿದೆ, ಕೇಳಿದೆ. ಬಂದ ಉತ್ತರ ನನಗೆ ಇಷ್ಟ ಆಯ್ತು, ಅದಕ್ಕೆ ಇನ್ನೊಬ್ಬರನ್ನ ಕೇಳಲಿಲ್ಲ. ತಪ್ಪು ನನ್ನದು" ಎಂದರು. ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ವಾಸಿ ಇತ್ತು. ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿದ, ನಾನು ಕಿಟಕಿಯ ಆಚೆ ನೋಡಿದೆ.

ಕಟ್ಟೆಯ ಹತ್ತಿರ ಇಳಿದ ಮೇಲೆ ಮೇಡಂ ಕಲ್ಲಿನ ಕಡೆ ಹೋಗಲೇ ಇಲ್ಲ. "ನಡೀರಿ ಮುನಿರಾಜು, ಜಾಗ ತೋರಿಸಿ" ಎಂದರು. "ನಡೆಯೋಕೆ ಆಗದವರು ಇಲ್ಲೇ ಕೂತಿರಿ" ಎಂದು ನಾನು ಕೂಗಿದೆ. ಒಬ್ಬರೂ ಕೂರಲಿಲ್ಲ. ಮಂಡಿ ಆಪರೇಷನ್ ಆದ ಡಾಕ್ಟರಮ್ಮ ಕೊಡೆ ಊರಿಕೊಂಡು ಏರಿಯ ಮೇಲೆ ನನಗಿಂತ ಮುಂದೆ ಹೋಗುತ್ತಿದ್ದರು. ಬದುವಿನ ಮೇಲೆ ಒಬ್ಬರ ಹೆಗಲು ಒಬ್ಬರು ಹಿಡಿದು, ನಗುತ್ತ, ಬೈದುಕೊಳ್ಳುತ್ತ, ಎಲ್ಲರೂ ಬಂದರು. ಯಾರೂ ಬೀಳಲಿಲ್ಲ. ಇವರು ನಡೆಯಬಲ್ಲರೇ ಎಂದು ನಾನು ಯಾರನ್ನೂ ಕೇಳಿಯೇ ಇರಲಿಲ್ಲ ಎಂಬುದು ಆಗ ಹೊಳೆಯಿತು.

ಪುಸ್ತಕದ ಕಥೆ ಇಲ್ಲೇ ಹೇಳಿ ಮುಗಿಸುತ್ತೇನೆ. ಅದು ಸೋಮವಾರ ಅಚ್ಚಿಗೆ ಹೋಗಲಿಲ್ಲ. ಮೇಡಂ ದಾರಿಯನ್ನು ಅಳಿಸಿ, ನಾಲ್ಕು ಅಧ್ಯಾಯ ಮತ್ತೆ ಬರೆದರು. ಅಷ್ಟರಲ್ಲಿ ನಾನು ನಿವೃತ್ತನಾದೆ. ಕಲ್ಲನ್ನು ಹೊಲಕ್ಕೆ ವಾಪಸ್ಸು ಇಡೋಣ ಎಂದರೆ ಕಟ್ಟೆಯವರು ಒಪ್ಪಲಿಲ್ಲ. ಮೂರು ವರ್ಷದಲ್ಲಿ ಅದಕ್ಕೆ ಅರಿಸಿನ ಕುಂಕುಮ ಬಿದ್ದು, ಹರಕೆ ಶುರುವಾಗಿತ್ತು. ನಾನು ಕೂಗಿದ ಕಥೆಯೇ ಅಲ್ಲಿನ ಸ್ಥಳಪುರಾಣವಾಗಿದೆ. ಜೆಸಿಬಿಯ ಗಾಯಕ್ಕೂ ಬೊಟ್ಟು ಇಡುತ್ತಾರೆ.

ಆ ಶನಿವಾರ ನಾವು ಹೊಲ ತಲುಪಿದಾಗ ರಾಗಿ ಮೊಣಕಾಲುದ್ದ ಬೆಳೆದಿತ್ತು. ಎಲ್ಲಿ ಹುಡುಕುವುದು? ಆ ಕಡೆ ಹತ್ತು ಹೆಜ್ಜೆ, ಈ ಕಡೆ ಹತ್ತು ಹೆಜ್ಜೆ ಪೇಚಾಡಿದೆ. ಕಳೆ ಕೀಳುತ್ತಿದ್ದ ಮುದುಕಿಯೊಬ್ಬಳು ಎದ್ದು ಬಂದಳು. ಮರಿಯಪ್ಪನ ತಾಯಿ ಸಾಕಮ್ಮ, ಹೊಲದ ಮನೆಯಲ್ಲೇ ಇರುವವಳು, ಕಟ್ಟೆಯ ಕಡೆ ಬರುವುದೇ ಅಪರೂಪ. ಕಲ್ಲು ಕಿತ್ತ ದಿನ ಆಕೆ ಮಗಳ ಬಾಣಂತನಕ್ಕೆ ಬೂದಿಗೆರೆಗೆ ಹೋಗಿದ್ದಳಂತೆ.

"ಕಲ್ಲಿದ್ದ ಜಾಗನಾ? ಬನ್ನಿ" ಎಂದು ರಾಗಿಯ ನಡುವೆ ಕರೆದುಕೊಂಡು ಹೋದಳು. ಒಂದು ಮೊರದಗಲ ನೆಲವನ್ನು ಬಿತ್ತದೆ ಬಿಟ್ಟಿದ್ದಳು. ಮೂರು ಪುಟ್ಟ ಕಲ್ಲು, ಮೇಲೆ ಬಾಡಿದ ಕಣಗಿಲೆ ಹೂವು. "ಕಲ್ಲು ಹೋದ್ರೆ ಹೋಯ್ತು, ಅವ್ನು ಸತ್ತಿದ್ದು ಇಲ್ಲೇ ಅಲ್ವಾ ತಾಯಿ. ನಮ್ಮತ್ತೆ ಎಡೆ ಇಕ್ತಿದ್ರು, ನಾನೂ ಇಕ್ತೀನಿ."

ಮೇಡಂ ಮಣ್ಣಿನಲ್ಲೇ ಕೂತುಬಿಟ್ಟರು. "ಅಮ್ಮಾ, ಮುಖ ಯಾವ ಕಡೆಗಿತ್ತು?"

"ಬಡಗ್ಲಾಗೆ. ದನ ಹೊಡ್ಕೊಂಡ್ ಹೋದೋರು ಆ ಕಡೀಕೇ ಹೋದ್ರಂತೆ. ಅವ್ರ್ನ ನೋಡ್ತಾ ನಿಂತವ್ನೆ ಅಂತಿದ್ರು ನಮ್ಮತ್ತೆ." ಉತ್ತರಕ್ಕೆ ಕೈ ತೋರಿಸಿದಳು. ಅಲ್ಲಿ ಯಾವ ರಸ್ತೆಯೂ ಇರಲಿಲ್ಲ, ಗುಡ್ಡದ ಕಣಿವೆಯೊಂದಿತ್ತು. ಮೇಡಂ ಬರೆದುಕೊಂಡೇ ಬರೆದುಕೊಂಡರು.

ಬರೆಯುವುದು ಮುಗಿದ ಮೇಲೆ ಸಾಕಮ್ಮ ಸಂಕೋಚದಿಂದ ಕೇಳಿದಳು, "ತಾಯಿ, ಅದರ ಮೇಲೆ ಏನೋ ಬರ್ದೈತಲ್ಲ, ಅದೇನು?"

ಮೇಡಂ ಕಲ್ಲಿಲ್ಲದ ಆ ಜಾಗದಲ್ಲಿ ಕೂತು, ನಾಲ್ಕು ಸಾಲನ್ನೂ ಬಾಯಿಪಾಠದಿಂದ ಹೇಳಿ ಅರ್ಥ ಬಿಡಿಸಿದರು. ಕೇತಗಾವುಂಡನ ಮಗ, ಹೆಸರು ಮಾಚ. ಸಾಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು.

"ಮಾಚ... ಮಾಚಪ್ಪ" ಎಂದಳು. "ಇಷ್ಟು ಕಾಲ ಹೆಸ್ರು ಗೊತ್ತಿರ್ಲಿಲ್ಲ ತಾಯಿ. ನಮ್ಮತ್ತೆಗೂ ಗೊತ್ತಿರ್ಲಿಲ್ಲ. ಸುಮ್ನೆ 'ಉಣ್ಣಪ್ಪಾ' ಅಂತ ಇಕ್ಬಿಟ್ಟು ಬರ್ತಿದ್ವಿ." ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. ಹೆಗಲ ಮೇಲಿನ ಸ್ಪೀಕರು ನೋಡಿ ಗುರುತು ಹಿಡಿದಳು.

"ಕಟ್ಟೆ ತಾವ ಅದ್ರಲ್ಲಿ ಕೂಗ್ತಿದ್ದೋನು ನೀನೇ ಏನಪ್ಪಾ? ಸದ್ದು ಕೇಳ್ತಿತ್ತು, ಮಾತು ತಿಳೀತಿರ್ಲಿಲ್ಲ. ಇದನ್ನೇನಾ ಹೇಳ್ತಿದ್ದಿದ್ದು?"

"ಇದೇ ಕಣಮ್ಮ."

"ಮೂರು ವರ್ಷ ಕೂಗಿದ್ದೀಯ. ಒಂದ್ಸಲ ಇಲ್ಲೀಗಂಟ ಬಂದು ಹೇಳ್ಬಾರ್ದಾಗಿತ್ತಾ?"